ಕೊನೆಯ ಚೂರು

"ಕಣ್ಣಿಗೆ ಯಾವತ್ತಾದ್ರೂ ಕಬ್ಬಿಣದ ಚೂರು ಬಿದ್ದಿದೆಯಾ?"

ಟೆಕ್ನಿಷಿಯನ್ ಹೆಂಗಸು ತಲೆ ಎತ್ತದೆ ಕೇಳಿದಳು. ಅವಳ ಮುಂದೆ ಉದ್ದನೆಯ ಫಾರ್ಮ್ ಇತ್ತು. ಎದೆಯಲ್ಲಿ ಮಿಷನ್ ಇಟ್ಟಿದ್ದಾರಾ, ಮೂಳೆಗೆ ಸ್ಕ್ರೂ ಹಾಕಿದ್ದಾರಾ, ಮೈಯಲ್ಲಿ ಎಲ್ಲಾದರೂ ತಂತಿ ಬಿಟ್ಟಿದ್ದಾರಾ ಎಂದು ಅವಳು ಕೇಳುತ್ತ ಹೋದಂತೆ, ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಟರ್ನರ್ ಎಲ್ಲಕ್ಕೂ ಇಲ್ಲ ಎನ್ನುತ್ತ ಬಂದಿದ್ದ. ಪೆನ್ನು ಸರಸರನೆ ಇಳಿಯುತ್ತಿತ್ತು.

"ಮೂವತ್ತು ವರ್ಷ ಲೇತ್ ಮುಂದೆ ನಿಂತವನು ನಾನು. ಬೀಳದೆ ಇರುತ್ತಾ?"

ಪೆನ್ನು ನಿಂತಿತು. "ಎಲ್ಲ ತೆಗೆಸಿದ್ರಾ?"

"ತೆಗೆಸಿದೆ. ಕೊನೇದೊಂದು ಬಿಟ್ಟು."

"ಬಿಟ್ಟು ಅಂದ್ರೆ?"

"ಬಲಗಣ್ಣಲ್ಲಿ ಉಳ್ಕೊಂಡಿದೆ. ಏಳು ವರ್ಷ ಆಯ್ತು."

ಪಕ್ಕದಲ್ಲಿ ಕುಳಿತಿದ್ದ ಅಕ್ಕ ಅವನ ತೊಡೆಗೆ ತಿವಿದಳು. "ಇಷ್ಟಕ್ಕೆಲ್ಲ ಇಲ್ಲ ಇಲ್ಲ ಅಂದೆಯಲ್ಲ, ಇದಕ್ಕೂ ಇಲ್ಲ ಅನ್ನೋಕೆ ಏನು ದಾಡಿ ನಿನಗೆ?"

"ಇಲ್ಲ ಅಂದಿದ್ರೆ ಕಣ್ಣು ಹೋಗ್ತಿತ್ತಮ್ಮ," ಟೆಕ್ನಿಷಿಯನ್ ಈಗ ತಲೆ ಎತ್ತಿದಳು. "ಒಳಗಿರೋದು ಮ್ಯಾಗ್ನೆಟ್. ಹಗಲೂ ರಾತ್ರಿ ಎಳೀತಾನೇ ಇರುತ್ತೆ. ಸಾಸಿವೆಯಷ್ಟು ಕಬ್ಬಿಣ ಇದ್ರೂ ಬಿಡಲ್ಲ. ಎಳೆಯೋವಾಗ ಕುಯ್ಕೊಂಡು ಹೋಗುತ್ತೆ."

ಟರ್ನರ್‌ಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಉಕ್ಕಿನ ತುಂಡೊಂದು ಮ್ಯಾಗ್ನೆಟ್ಟಿನ ಮೇಜಿಗೆ ಹೇಗೆ ಹಾರಿ ಕೂರುತ್ತದೆ, ಬೆರಳು ನಡುವೆ ಸಿಕ್ಕರೆ ಏನಾಗುತ್ತದೆ ಎಂದು ಅವನು ನೋಡಿದ್ದ. ಅದಕ್ಕೇ ನಿಜ ಹೇಳಿದ್ದ. ಅದಕ್ಕೊಂದೇ ಅಲ್ಲ ಎಂದು ಅಕ್ಕನ ಮುಖ ಹೇಳುತ್ತಿತ್ತು.

ಮೂರು ವಾರದಿಂದ ಅವನ ಮೈ ಹಳದಿಯಾಗಿತ್ತು. ಮೊದಲು ಕಣ್ಣು, ಆಮೇಲೆ ಮುಖ, ಆಮೇಲೆ ಅಂಗೈ. ಉಚ್ಚೆ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತ್ತು. ಮೈಯೆಲ್ಲ ಕೆರೆತ, ಉಗುರು ಸಾಲದೆ ಬೆನ್ನನ್ನು ಬಾಗಿಲಿನ ಚೌಕಟ್ಟಿಗೆ ಉಜ್ಜಿಕೊಳ್ಳುತ್ತಿದ್ದ. ವರ್ಕ್‌ಶಾಪಿನಲ್ಲಿ ಅವನ ಸಿಟ್ಟಿಗೆ ಕೆಂಡ ಎಂದು ಅಡ್ಡಹೆಸರು ಇಟ್ಟಿದ್ದರು. ಕೆಂಡ ಆರಿ ಅರಿಶಿನ ಆಯ್ತು ಎಂದು ಜೊತೆಯವರು ನಕ್ಕಾಗ ಅವನು ಬೈಯಲಿಲ್ಲ. ಆಗಲೇ ಅವರಿಗೆ ಗಾಬರಿಯಾದದ್ದು.

ಹೊಟ್ಟೆಗೆ ಜೆಲ್ಲಿ ಹಚ್ಚಿ ಒಂದು ಸ್ಕ್ಯಾನಿಂಗ್ ಮಾಡಿದ್ದಾಯಿತು. ಪಿತ್ತದ ನಾಳ ಊದಿದೆ, ಕೆಳಗೆಲ್ಲೋ ಕಟ್ಟಿಕೊಂಡಿದೆ, ಆದರೆ ಕೆಳತುದಿ ಕರುಳಿನ ಗಾಳಿಯ ಹಿಂದೆ ಮರೆಯಾಗಿ ಕಾಣುತ್ತಿಲ್ಲ ಎಂದರು. ಕೊಯ್ಯದೆ, ಚುಚ್ಚದೆ, ಬಾಯಲ್ಲಿ ಏನೂ ಇಳಿಸದೆ ನಾಳದ ಚಿತ್ರ ತೆಗೆಯುವ ಮ್ಯಾಗ್ನೆಟ್ಟಿನ ಸ್ಕ್ಯಾನ್ ಇದೆ, ಮೊದಲು ಅದನ್ನು ಮಾಡಿಸಿ ಎಂದು ಬರೆದುಕೊಟ್ಟರು. "ಕಲ್ಲಾದರೆ ಆಮೇಲೆ ಕೊಳವೆ ಇಳಿಸಿ ತೆಗೀತೀವಿ. ಗಡ್ಡೆ ಆದರೆ ಬೇರೆ ಮಾತು," ಎಂದರು ಡಾಕ್ಟರು. ಆ ಬೇರೆ ಮಾತು ಏನೆಂದು ಅವನು ಕೇಳಲಿಲ್ಲ. ಮನೆಗೆ ಬಂದು ಅಕ್ಕನಿಗೆ, ಬಿಟ್ಟುಹೋದ ಹೆಂಡತಿಯ ಹೆಸರೆತ್ತದೆ, "ಅವಳಿಗೆ ಗೊತ್ತಾಗಬಾರದು," ಎಂದ. ಅಕ್ಕ ಹೂಂ ಎಂದಳು. ಅವತ್ತಿನಿಂದ ದಿನಕ್ಕೆ ಎರಡು ಸಲ, "ಅವಳಿಗೆ ಹೇಳಿಲ್ಲ ತಾನೇ?" ಎಂದು ಕೇಳುತ್ತಿದ್ದ. ಇಲ್ಲ ಕಣೋ ಎಂದು ಅಕ್ಕ ಹೇಳಿದಾಗಲೆಲ್ಲ ಅವನ ಮುಖ ಇನ್ನಷ್ಟು ಬಾಡುತ್ತಿತ್ತು.

"ಉಳಿದಿದ್ದೆಲ್ಲ ಯಾರ ಹತ್ರ ತೆಗೆಸಿದ್ದು? ಯಾವ ಆಸ್ಪತ್ರೆ?" ಟೆಕ್ನಿಷಿಯನ್ ಬರೆದುಕೊಳ್ಳಲು ಕಾದಳು.

"ಆಸ್ಪತ್ರೆ ಅಲ್ಲ. ಹೆಂಡತಿ ತೆಗೀತಿದ್ಲು."

"ನರ್ಸಾ ಅವರು?"

"ಅಲ್ಲ."

"ಮತ್ತೆ ಯಾವುದ್ರಿಂದ ತೆಗೀತಿದ್ರು?"

ಅವನು ಗೋಡೆ ನೋಡಿದ. ಅಕ್ಕನೇ ಹೇಳಿದಳು: "ನಾಲಿಗೆಯಿಂದ."

ಹಿಂದಿನ ಬೆಂಚಿನಲ್ಲಿ ಮೊಣಕಾಲು ಹಿಡಿದುಕೊಂಡು ಸರದಿ ಕಾಯುತ್ತಿದ್ದ ಮುದುಕ ಗಟ್ಟಿಯಾಗಿ ನಕ್ಕ. "ಅಂಥ ಡಾಕ್ಟರು ನಮಗೆ ಸಿಗಲಿಲ್ಲವಲ್ಲಪ್ಪಾ!" ಟರ್ನರ್ ಹಳದಿ ಕಣ್ಣು ತಿರುಗಿಸಿ ಅವನನ್ನು ನೋಡಿದ. ಮುದುಕ ತಟ್ಟನೆ ಮೊಣಕಾಲಿನ ಕಡೆಗೆ ಗಮನ ಕೊಟ್ಟ.

ಅದು ಅವಳಿಗೆ ಅಜ್ಜಿಯಿಂದ ಬಂದ ವಿದ್ಯೆ. ಸಂಜೆ ಕೆಲಸದಿಂದ ಬಂದವನನ್ನು ಕಿಟಕಿಯ ಬೆಳಕಿಗೆ ಕೂರಿಸುತ್ತಿದ್ದಳು. ಬಾಯಿ ಮುಕ್ಕಳಿಸಿ ಬಂದು, ಅವನ ಗದ್ದ ಹಿಡಿದು, ಮೇಲಿನ ರೆಪ್ಪೆ ಮಗುಚುತ್ತಿದ್ದಳು. ಚೂರು ಕಂಡರೆ ನಾಲಿಗೆಯ ತುದಿಯಿಂದ ಒಂದೇ ಸಲ ಸವರುವಳು. ಅಂಗೈಗೆ ಉಗುಳಿ, "ನೋಡು, ನಿನ್ನ ಇವತ್ತಿನ ಸಂಪಾದನೆ," ಎಂದು ತೋರಿಸುವಳು. ವರ್ಕ್‌ಶಾಪಿನ ಬೇರೆಯವರೂ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಬಾಗಿಲಿಗೆ ಬರುತ್ತಿದ್ದರು. ಅವರಿಗೆಲ್ಲ ಒದ್ದೆ ಬಟ್ಟೆಯ ತುದಿ. ನಾಲಿಗೆ ಗಂಡನಿಗೆ ಮಾತ್ರ. ಕೆಲಸ ಮಾಡುವಾಗ ಕನ್ನಡಕ ಹಾಕಿಕೋ ಎಂದು ಅವಳು ಸಾವಿರ ಸಲ ಹೇಳಿದ್ದಳು. ಬೆವರಿಗೆ ಗಾಜು ಮಂಜಾಗುತ್ತೆ ಎನ್ನುತ್ತಿದ್ದ. ಅದು ಬರೀ ನೆಪ.

ಒಂದು ದಿನ ಕಡೆಯುತ್ತಿದ್ದ ಒಂದು ಶಾಫ್ಟು ಅಳತೆಗಿಂತ ಕೂದಲೆಳೆಯಷ್ಟು ಸಣ್ಣದಾಗಿ ಹಾಳಾಯಿತು. ಫೋರ್‌ಮನ್ ಎಲ್ಲರೆದುರಿಗೆ ಬೈದ. ಅಲ್ಲಿ ಬಾಯಿ ಬಿಡಲಾಗದೆ ಆ ಸಿಟ್ಟನ್ನು ಹೊತ್ತು ಮನೆಗೆ ಬಂದ. ಅವಳು ರೆಪ್ಪೆ ಮಗುಚಿದಾಗ ಉರಿಯಿತು. "ಕಣ್ಣು ಕೀಳ್ತೀಯೇನೇ?" ಎಂದು ಕೈ ಬೀಸಿದ. ಕೆನ್ನೆಗೆ ಬಿತ್ತು. ಅದೇನೂ ಮೊದಲನೆಯ ಸಲವಲ್ಲ. ಅವಳು ಗೋಡೆಗೆ ಒರಗಿ ಬಾಯಿ ಮುಚ್ಚಿಕೊಂಡು ನಿಂತಳು. ಸ್ವಲ್ಪ ಹೊತ್ತಿನ ಮೇಲೆ, "ಇನ್ಮೇಲೆ ನಿನ್ನ ಕಣ್ಣು ನೀನೇ ನೋಡ್ಕೋ," ಎಂದಳು. ಬೆಳಿಗ್ಗೆ ಎದ್ದು ನೋಡಿದರೆ ಇರಲಿಲ್ಲ. ಈಗ ಬೇರೆ ಊರಿನ ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡುತ್ತಿದ್ದಾಳೆ. ಅಕ್ಕನ ಜೊತೆ ಫೋನಿನಲ್ಲಿ ಮಾತು ಇದೆ. ಅವನ ಜೊತೆ ಇಲ್ಲ.

ಅಂದಿನಿಂದ ಬೆಳಿಗ್ಗೆ ಕಣ್ಣು ಬಿಟ್ಟರೆ ಬಲಗಣ್ಣಿನಲ್ಲಿ ಏನೋ ಚುಚ್ಚುತ್ತದೆ.

"ಕಣ್ಣಿನ ಡಾಕ್ಟರಿಗೆ ತೋರಿಸಲಿಲ್ವಾ?" ಟೆಕ್ನಿಷಿಯನ್ ಕೇಳಿದಳು.

"ಎಲ್ಲಿ ತೋರಿಸ್ತಾನೆ ಮೇಡಂ," ಎಂದಳು ಅಕ್ಕ. "ಏಳು ವರ್ಷದಿಂದ ಕಣ್ಣಲ್ಲಿ ಕಸ ಇಟ್ಕೊಂಡು ಕೂತಿದ್ದಾನೆ, ಅವಳೇ ಬಂದು ತೆಗೀಲಿ ಅಂತ."

"ಅಕ್ಕಾ!"

"ಏನು ಅಕ್ಕ? ಸುಳ್ಳಾ?"

ಟೆಕ್ನಿಷಿಯನ್ ಇಬ್ಬರನ್ನೂ ನೋಡಿದಳು. ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು. "ಒಂದು ಕೆಲಸ ಮಾಡಿ. ಅವರಿಗೇ ಫೋನ್ ಮಾಡಿ ಕೇಳಿ. ಉಳಿದಿದೆ ಅಂದ್ರೆ ಮೊದಲು ಕಣ್ಣಿನ ಡಾಕ್ಟರ್ ಹತ್ರ ಹೋಗಿ, ಇವತ್ತು ಸ್ಕ್ಯಾನ್ ಆಗಲ್ಲ. ಬಂದಿದೆ ಅಂದ್ರೆ ಎಕ್ಸ್‌ರೇ ತೆಗೆದು ಖಾತ್ರಿ ಮಾಡ್ಕೊಂಡು ಒಳಗೆ ಬಿಡ್ತೀನಿ. ಬೇಗ."

ಅಕ್ಕ ಆಗಲೇ ಫೋನ್ ಒತ್ತಿದ್ದಳು. ರಿಂಗ್ ಆಗತೊಡಗಿದ ಮೇಲೆ ತಮ್ಮನ ಕೈಗೆ ತುರುಕಿದಳು.

"ನೀನೇ ಕೇಳು," ಎಂದ.

"ನನ್ನ ಕಣ್ಣಾ ಅದು?"

ಆ ಕಡೆಯಿಂದ, "ಹೇಳಿ ಅಕ್ಕ," ಎಂದು ಕೇಳಿಸಿತು. ಧ್ವನಿ ಹಾಗೇ ಇತ್ತು. ಒಂಚೂರು ದಪ್ಪವಾಗಿತ್ತು, ಅಷ್ಟೇ.

"ನಾನು," ಎಂದ.

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ, "ಹೇಳಿ."

ಏಳು ವರ್ಷದಲ್ಲಿ ಅವನು ಎಷ್ಟೋ ಮಾತು ಜೋಡಿಸಿಟ್ಟಿದ್ದ. ಲೇತ್ ತಿರುಗುವಾಗ, ಅನ್ನ ಸೀಯುವಾಗ, ಬಸ್ಸಿನಲ್ಲಿ. ಈಗ ಬಂದದ್ದು ಇದು: "ಅವತ್ತು ಆ ಚೂರು ಬಂತಾ?"

"ಯಾವ ಚೂರು?"

"ಕಣ್ಣಿಂದು. ನೀನು ಹೋದ ಹಿಂದಿನ ದಿನದ್ದು."

"ಇದನ್ನ ಕೇಳೋಕೆ ಫೋನ್ ಮಾಡಿದ್ರಾ?" ಮನೆಯಲ್ಲಿದ್ದಷ್ಟು ದಿನ ಏಕವಚನದಲ್ಲೇ ಜಗಳವಾಡುತ್ತಿದ್ದವಳು ಈಗ ಊರಿನ ಯಾರೋ ಹಿರಿಯರ ಜೊತೆ ಮಾತಾಡುವಂತೆ ಮಾತಾಡಿದಳು.

"ಒಂದು ಫಾರ್ಮ್ ತುಂಬಬೇಕಿತ್ತು."

"ಯಾವ ಫಾರ್ಮು?"

"ಹೊಟ್ಟೇದು. ಹೊಟ್ಟೆ ಫೋಟೋ ತೆಗೀತಾರೆ."

"ಹೊಟ್ಟೆ ಫೋಟೋಗೆ ಕಣ್ಣು ಯಾಕೆ?"

"ಅದೆಲ್ಲ ದೊಡ್ಡ ಕಥೆ. ಬಂತಾ, ಇಲ್ವಾ? ಅಷ್ಟು ಹೇಳು ಸಾಕು."

"ಬಂತು."

"ಬಂತಾ?"

"ನಾಲಿಗೆ ಮೇಲೇ ಇತ್ತು. ಉಗುಳೋಕೆ ನೀನೆಲ್ಲಿ ಬಿಟ್ಟೆ? ಏಟು ಬಿತ್ತಲ್ಲ, ನುಂಗಿಬಿಟ್ಟೆ."

ಅವನು ಫೋನನ್ನು ಅಕ್ಕನ ಮಡಿಲಿಗೆ ಹಾಕಿ ಎದ್ದು ನಿಂತ. "ಆಮೇಲೆ ಮಾಡ್ತೀನಮ್ಮ," ಎಂದು ಅಕ್ಕ ಫೋನಿಗೆ ಹೇಳುತ್ತಿದ್ದದ್ದು ಅವನಿಗೆ ಕೇಳಿಸಲೇ ಇಲ್ಲ.

"ಏನಂದ್ರು?" ಟೆಕ್ನಿಷಿಯನ್ ಕೇಳಿದಳು.

"ಬಂದಿದೆಯಂತೆ."

"ಒಳ್ಳೇದು. ಆದ್ರೂ ಎಕ್ಸ್‌ರೇ ಬೇಕೇ ಬೇಕು. ನಿಮ್ಮ ಹೆಂಡತಿ ಮಾತನ್ನ ನಾನು ನಂಬ್ತೀನಿ, ಮ್ಯಾಗ್ನೆಟ್ ನಂಬಲ್ಲ."

ಎಕ್ಸ್‌ರೇ ಕೋಣೆ ಪಕ್ಕದಲ್ಲೇ ಇತ್ತು. ಕಣ್ಣು ಮೇಲೆ ನೋಡಿ ಒಂದು, ಕೆಳಗೆ ನೋಡಿ ಒಂದು. ಕಾಲು ಗಂಟೆಯಲ್ಲಿ ಉತ್ತರ ಬಂತು: ಎರಡು ಕಣ್ಣೂ ಶುದ್ಧ, ಕಬ್ಬಿಣ ಇಲ್ಲ.

"ಸರಿಯಾಗಿ ನೋಡಿದ್ರಾ? ಬಲಗಣ್ಣು?"

"ಎರಡೂ ನೋಡಿದ್ದಾರೆ."

"ಬೆಳಿಗ್ಗೆ ಚುಚ್ಚುತ್ತಲ್ಲ ಮತ್ತೆ?"

"ಕಣ್ಣು ಒಣಗಿದ್ರೆ ಚುಚ್ಚುತ್ತೆ. ವಯಸ್ಸಾಯ್ತಲ್ಲ ಸರ್."

ಮನೆಪತ್ರ ನಿನ್ನ ಹೆಸರಲ್ಲಿಲ್ಲ ಎಂದು ಹೇಳಿಸಿಕೊಂಡವನ ಹಾಗೆ ಅವನು ನಿಂತಿದ್ದ. ಅಕ್ಕನಿಗೆ ಖುಷಿಯಾಗಬೇಕಿತ್ತು. ತಮ್ಮನ ಮುಖ ನೋಡಿ, ಅವನ ತೋಳು ಹಿಡಿದು ನಡೆಸಿಕೊಂಡು ಹೋದಳು.

ಬಟ್ಟೆ ಬಿಚ್ಚಿಸಿ, ಹಿಂದೆ ದಾರ ಕಟ್ಟುವ ನಿಲುವಂಗಿ ಕೊಟ್ಟರು. ಟೆಕ್ನಿಷಿಯನ್ ದೊಡ್ಡ ಲೋಟದ ತುಂಬ ಅನಾನಸ್ ರಸ ತಂದಳು. ಹಿಂದಿನ ದಿನದಿಂದ ಉಪವಾಸ ಇದ್ದವನು ಲೋಟವನ್ನು ಅನುಮಾನದಿಂದ ನೋಡಿದ.

"ಕುಡೀರಿ. ಈ ಫೋಟೋದಲ್ಲಿ ಹೊಟ್ಟೆಯೊಳಗಿನ ನೀರೆಲ್ಲ ಬೆಳ್ಳಗೆ ಕಾಣುತ್ತೆ, ಅದರ ಗದ್ದಲದಲ್ಲಿ ಪಿತ್ತದ ನಾಳ ಕಳೆದುಹೋಗುತ್ತೆ. ಇದನ್ನ ಕುಡಿದ್ರೆ ಜಠರ ಕಪ್ಪಗಾಗುತ್ತೆ. ನಾಳ ಮಾತ್ರ ಬೆಳ್ಳಗೆ ಉಳಿಯುತ್ತೆ."

"ಹೀಗೂ ಉಂಟಾ!" ಎಂದಳು ಅಕ್ಕ. "ಮೂರು ವಾರ ಔಷಧಿ ಅಂತ ಕಹಿ ಕುಡಿಸಿ ಕುಡಿಸಿ ಸಾಕಾಯ್ತು. ಇದನ್ನ ಮೊದಲೇ ಬರೆದುಕೊಡಬಾರದಿತ್ತಾ?"

ಸ್ಕ್ಯಾನ್ ಕೋಣೆ ತಣ್ಣಗಿತ್ತು. ದಪ್ಪ ಕೊಳವೆಯೊಳಗೆ ಹೋಗುವ ಹಲಗೆಯ ಮೇಲೆ ಮಲಗಿಸಿದರು. ಹೊಟ್ಟೆಯ ಮೇಲೆ ಒಂದು ಗಟ್ಟಿ ಹೊದಿಕೆಯಂಥದನ್ನು ಇಟ್ಟು ಪಟ್ಟಿಯಿಂದ ಬಿಗಿದರು. ಕಿವಿಗೆ ಹೆಡ್‌ಫೋನ್, ಕೈಗೆ ಒಂದು ರಬ್ಬರಿನ ಉಂಡೆ. ತಡೆಯಲಾಗದಿದ್ದರೆ ಅದನ್ನು ಹಿಸುಕಬೇಕು. ಉಸಿರು ಹಿಡಿ ಎಂದಾಗ ಹಿಡಿಯಬೇಕು, ಬಿಡು ಎಂದಾಗ ಬಿಡಬೇಕು. ನಡುವೆ ಹೊಟ್ಟೆ ಅಲುಗಿದರೆ ಚಿತ್ರ ಕಲಸಿಹೋಗುತ್ತದೆ. "ಇಪ್ಪತ್ತು ಸೆಕೆಂಡು, ಅಷ್ಟೇ," ಎಂದಳು. ಹಲಗೆ ಒಳಗೆ ಸರಿಯಿತು. ಮೂಗಿನಿಂದ ಒಂದು ಗೇಣು ಮೇಲೆ ಬಿಳಿ ಛಾವಣಿ.

ಸದ್ದು ಶುರುವಾಯಿತು. ಹಲ್ಲು ಮುರಿದ ಗೇರಿನ ಲೇತ್ ಹಾಗೆ, ಟಕ್ ಟಕ್ ಟಕ್. ಇದನ್ನು ಯಾವನು ಓಡಿಸುತ್ತಿದ್ದಾನೆ, ಎಣ್ಣೆ ಬಿಟ್ಟು ಎಷ್ಟು ದಿನವಾಯ್ತು ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣ ಅವಳು ಗೋಡೆಗೆ ಒರಗಿ ಬಾಯಿ ಮುಚ್ಚಿಕೊಂಡು ನಿಂತದ್ದು ಕಂಡಿತು. ಅಳು ತಡೆದುಕೊಳ್ಳುತ್ತಿದ್ದಾಳೆ ಎಂದು ಅವನು ಅಂದುಕೊಂಡಿದ್ದ. ಏಳು ವರ್ಷ ಹಾಗೇ ಅಂದುಕೊಂಡಿದ್ದ. ಆದರೆ ಏಟು ಬೀಳುವ ಮೊದಲೇ ಅವಳ ಕೆಲಸ ಮುಗಿದಿತ್ತು. ತಾನು ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ಅಂಗೈಗೆ ಉಗುಳಿ ತೋರಿಸುತ್ತಿದ್ದಳು.

"ಉಸಿರು ಒಳಗೆ ತಗೊಳ್ಳಿ. ಹಿಡೀರಿ."

ಹಿಡಿದ. ಅರ್ಧಕ್ಕೆ ಎದೆ ಕುಲುಕಿತು.

"ಸರ್, ಅಲುಗಾಡ್ತಿದ್ದೀರಿ. ಇನ್ನೊಂದು ಸಲ."

ಎರಡನೆಯ ಸಲವೂ ಹಾಗೇ. ಮೂರನೆಯ ಸಲವೂ.

"ಕೆಮ್ಮು ಬರ್ತಿದೆಯಾ?"

"ಇಲ್ಲ."

"ಮತ್ತೆ?"

ಸದ್ದು ನಿಂತಿತು. ಹೆಡ್‌ಫೋನಿನಲ್ಲಿ ಅವಳ ಧ್ವನಿ ಸ್ವಲ್ಪ ಇಳಿಯಿತು. "ಅಳೋದಿದ್ರೆ ಈಗ ಎರಡು ನಿಮಿಷ ಅತ್ತುಬಿಡಿ ಸರ್. ಆಮೇಲೆ ತೆಗೆಯೋಣ. ನಾನು ಮಿಷನ್ ನಿಲ್ಲಿಸಿದ್ದೀನಿ."

ಐವತ್ತು ದಾಟಿದ ಗಂಡಸು, ಹೊಟ್ಟೆಗೆ ಪಟ್ಟಿ ಕಟ್ಟಿಸಿಕೊಂಡು, ಕೊಳವೆಯೊಳಗೆ ಅಂಗಾತ ಬಿದ್ದು ಅತ್ತ. ಕೈ ಎತ್ತಿ ಒರೆಸಿಕೊಳ್ಳಲೂ ಜಾಗವಿರಲಿಲ್ಲ. ಕಣ್ಣೀರು ಕಿವಿಯ ಪಕ್ಕ ಇಳಿದು ಹೆಡ್‌ಫೋನಿನ ಅಂಚಿಗೆ ನಿಂತಿತು. ಅಲ್ಲಿ ಅವನನ್ನು ನೋಡುವವರು ಯಾರೂ ಇರಲಿಲ್ಲ, ಬೈಯಲೂ ಯಾರೂ ಸಿಗಲಿಲ್ಲ.

"ಆಯ್ತಾ?"

"ಹೂಂ."

"ಹಿಡೀರಿ."

ಶಾಫ್ಟಿನ ಮೇಲೆ ಕೊನೆಯ ಸಣ್ಣ ಕಡಿತ ಹಾಕುವಾಗ ಅವನು ತನಗೇ ಗೊತ್ತಿಲ್ಲದೆ ಉಸಿರು ಕಟ್ಟುತ್ತಿದ್ದ. ಹಾಗೆ ಕಟ್ಟಿದ. ಇಪ್ಪತ್ತಲ್ಲ, ನಲವತ್ತಾದರೂ ಕಟ್ಟುತ್ತಿದ್ದ.

ಮಧ್ಯಾಹ್ನ ಡಾಕ್ಟರು ಕರೆದರು. ಪರದೆಯ ಮೇಲೆ ಕಪ್ಪು ಆಕಾಶದ ಎದುರು ಎಲೆ ಉದುರಿದ ಬಿಳಿ ಮರದಂಥದು ನಿಂತಿತ್ತು. ಮೇಲೆ ಸಣ್ಣ ಸಣ್ಣ ಕೊಂಬೆ, ಕೆಳಗೆ ಊದಿದ ಕಾಂಡ. ಕಾಂಡದ ಬುಡದಲ್ಲಿ ದುಂಡನೆಯ ಒಂದು ಕಪ್ಪು, ಅದರ ಅಂಚಿಗೆ ಬೆಳ್ಳನೆಯ ಗೆರೆ.

"ಕಲ್ಲು," ಎಂದರು ಡಾಕ್ಟರು. "ಗಡ್ಡೆಯ ಲಕ್ಷಣ ಏನೂ ಕಾಣ್ತಿಲ್ಲ. ನಾಡಿದ್ದು ಕೊಳವೆ ಇಳಿಸಿ ತೆಗೀತೀವಿ."

ಅಕ್ಕ ಕುರ್ಚಿಯ ಹಿಡಿ ಹಿಡಿದುಕೊಂಡು ಕೂತಳು. ಟರ್ನರ್ ಪರದೆಯ ಹತ್ತಿರ ಬಗ್ಗಿದ. "ಎಷ್ಟು ಎಂಎಂ?"

"ಒಂಬತ್ತು."

"ನಾಳ?"

"ಊದಿ ಹದಿನಾಲ್ಕಾಗಿದೆ."

"ಹದಿನಾಲ್ಕರ ತೂತಲ್ಲಿ ಒಂಬತ್ತರ ಗುಂಡು ಸಿಕ್ಕಾಕೊಳ್ಳಲ್ಲ ಸಾರ್. ಲೂಸ್ ಓಡಾಡುತ್ತೆ."

ಡಾಕ್ಟರು ನಕ್ಕರು. "ಕೆಳಗೆ ಕಿರಿದಾಗುತ್ತಪ್ಪಾ, ನಿಮ್ಮ ಟೇಪರ್ ಇದ್ದ ಹಾಗೆ."

"ಹಾಗೆ ಹೇಳಿ," ಎಂದ. ಅವನಿಗೆ ಸಮಾಧಾನವಾಯಿತು.

ಹೊರಗೆ ಬಂದು ಅಕ್ಕ ಮೂಗು ಒರೆಸಿಕೊಂಡಳು. "ನೀನು ಒಳಗಿದ್ದಾಗ ಎರಡು ಸಲ ಫೋನ್ ಮಾಡಿದ್ಲು. ಏನಾಗಿದೆ ಅಂತ ಕೇಳಿದ್ಲು. ನಾನು ಹೇಳಲಿಲ್ಲ. ಹೇಳಬಾರದು ಅಂದಿದ್ದೆಯಲ್ಲ ನೀನು, ದೊಡ್ಡ ಮನುಷ್ಯ." ಫೋನನ್ನು ಅವನ ಅಂಗೈಗೆ ಇಟ್ಟು, ಔಷಧಿ ಅಂಗಡಿಯ ಸಾಲಿಗೆ ನಡೆದಳು.

ಅವನು ಓಣಿಯ ಕೊನೆಯ ಬೆಂಚಿಗೆ ಹೋಗಿ ಕೂತ. ಒತ್ತಿದ. ಒಂದೇ ರಿಂಗಿಗೆ ಎತ್ತಿದಳು.

"ಅಕ್ಕ, ಏನಾಯ್ತು?"

"ನಾನು. ಕಲ್ಲಂತೆ."

"ಎಲ್ಲಿ?"

"ಪಿತ್ತದ ನಾಳದಲ್ಲಿ. ಮೈಯೆಲ್ಲ ಹಳದಿ ಆಗಿದೆ. ಗಡ್ಡೆ ಇರಬಹುದು ಅಂದಿದ್ರು. ಅಲ್ಲವಂತೆ."

ಅವಳು ಉಸಿರು ಬಿಟ್ಟದ್ದು ಕೇಳಿಸಿತು. "ನೋವಿದೆಯಾ?"

"ನೋವು ಕಮ್ಮಿ. ಕೆರೆತ ಜಾಸ್ತಿ."

"ಉಗುರು ಕತ್ತರಿಸ್ಕೋ. ಗಾಯ ಮಾಡ್ಕೋಬೇಡ."

"ಹೂಂ."

ಮುಂದಿನ ಮಾತಿಗೆ ಅವನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಫೋರ್‌ಮನ್‌ಗೆ ಹೇಳಿರಲಿಲ್ಲ, ಅಪ್ಪನಿಗೆ ಹೇಳಿರಲಿಲ್ಲ, ಹುಟ್ಟಿದಾಗಿನಿಂದ ಯಾರಿಗೂ ಹೇಳಿದವನಲ್ಲ.

"ತಪ್ಪು ನಂದು. ಅವತ್ತಿಂದು. ಅದಕ್ಕೆ ಮೊದಲಿಂದೂ."

ಆ ಕಡೆ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಯಾರೋ ಯಾರನ್ನೋ ಕೂಗಿದರು. ಪಾತ್ರೆಯೊಂದು ಉರುಳಿತು.

"ಕೇಳಿಸ್ತಾ?"

"ಕೇಳಿಸ್ತು," ಎಂದಳು. ಆಮೇಲೆ, "ನೀರು ಬಂದಿದೆ. ತುಂಬಿಸ್ಬೇಕು."

"ಇಡಲಾ ಹಾಗಾದ್ರೆ?"

"ಇಡು ಅಂದೆನಾ ನಾನು?"

ಫೋನನ್ನು ಕಲ್ಲಿನ ಮೇಲೆ ಇಟ್ಟ ಸದ್ದಾಯಿತು. ನಲ್ಲಿ ತಿರುಗಿತು. ಖಾಲಿ ಪಾತ್ರೆಯ ತಳಕ್ಕೆ ನೀರು ಮೊದಲು ತಗಡು ಬಡಿದಂತೆ ಗಡಸಾಗಿ ಬಿತ್ತು. ದೊಡ್ಡ ಪಾತ್ರೆ, ಸದ್ದು ಮೆತ್ತಗಾಗಲು ಬಹಳ ಹೊತ್ತು ಹಿಡಿಯಿತು. ಔಷಧಿ ಚೀಲ ಹಿಡಿದು ಅಕ್ಕ ಓಣಿಯ ಆ ತುದಿಯಿಂದ ಬಾ ಎಂದು ಕೈ ಮಾಡಿದಳು. ಅವನು ತಡಿ ಎಂದು ಕೈ ಎತ್ತಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ನೀರಿನ ಸ್ವರ ಏರುತ್ತ ಏರುತ್ತ ಪಾತ್ರೆಯ ಕಂಠದ ಹತ್ತಿರ ಬಂದು, ನಲ್ಲಿ ನಿಂತಿತು. ಫೋನನ್ನು ಯಾರೂ ಎತ್ತಲಿಲ್ಲ, ಕಟ್ ಮಾಡಲೂ ಇಲ್ಲ. ನೆಲದ ಮೇಲೆ ಇನ್ನೊಂದು ಪಾತ್ರೆ ಎಳೆದ ಸದ್ದಾಯಿತು. ಮತ್ತೆ ನೀರು ಬೀಳತೊಡಗಿತು.